ಹಂಡೆಗೆ ಮುಚ್ಚಳ

"ಅಲ್ಲ ಮಾರಾಯ, ಇದಕ್ಕೆ ಮುಚ್ಚಳ ಎಲ್ಲಿ?"

ಶನಿವಾರ ಸಂಜೆ ನಮ್ಮ ಈಜುವ ಪೂಲ್ ನೋಡಿ ನಮ್ಮತ್ತೆ ಕೇಳಿದ್ದು ಇಷ್ಟೇ. ಇವರೂ ನಾನೂ ಒಟ್ಟಿಗೇ ನಕ್ಕುಬಿಟ್ಟೆವು. ಇವತ್ತು ಗುರುವಾರ. ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಮೆರಿಕದ ಈ ಕೊಲಂಬಸ್‌ನಲ್ಲಿ ಜೂನ್ ಬಂದರೂ ಕೆಲವು ರಾತ್ರಿ ಚಳಿಯೇ. ಹಿತ್ತಲಲ್ಲಿ ನೆಲದ ಮೇಲೇ ನಿಲ್ಲಿಸಿರುವ ಪೂಲ್ ನಮ್ಮದು. ದುಂಡಗೆ, 24 ಅಡಿ ಅಗಲ, ನಾಲ್ಕಡಿ ನೀರು. ಅಂದರೆ ಸುಮಾರು 13,600 ಗ್ಯಾಲನ್, ಲೀಟರಿನಲ್ಲಿ 51 ಸಾವಿರ. ನೀರು 70 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಕೇಳೋಕೆ ಬೆಚ್ಚಗಿದೆ ಅನಿಸುತ್ತದೆ, ಆದರೆ ಮಗಳು ಹತ್ತೇ ನಿಮಿಷಕ್ಕೆ ತುಟಿ ನೀಲಿ ಮಾಡಿಕೊಂಡು ಮೇಲೆ ಬರುತ್ತಿದ್ದಳು. ಅವಳಿಗೆ 80 ಬೇಕಂತೆ.

ಇವರು ಎಕ್ಸೆಲ್ ತೆರೆದರು. ನನ್ನ ಗಂಡ ಕುಕ್ಕರ್ ಕೊಳ್ಳೋಕೂ ಎಕ್ಸೆಲ್ ತೆರೆಯುವ ಮನುಷ್ಯ, ಆಮೇಲೆ ಕೊನೆಗೆ ಅಂಗಡಿಯವನು ತೋರಿಸಿದ್ದನ್ನೇ ತರುತ್ತಾರೆ. ಬಿಟಿಯು ಅಂದರೆ ಬಿಸಿಯ ಅಳತೆ, ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡೋಕೆ ಒಂದು ಬಿಟಿಯು. ನಮ್ಮ ನೀರಿಗೆ ಡಿಗ್ರಿಗೆ 1,13,000 ಬಿಟಿಯು ಬೇಕು. ಗಂಟೆಗೆ 50 ಸಾವಿರ ಬಿಟಿಯು ಕೊಡುವ ಹೀಟ್ ಪಂಪ್ ತಂದರೆ ಹತ್ತು ಡಿಗ್ರಿ ಏರೋಕೆ ಹೆಚ್ಚುಕಮ್ಮಿ ಒಂದು ಹಗಲು ಒಂದು ರಾತ್ರಿ. ಅಂಗಡಿಯವನು ಪ್ರೊಪೇನ್ ಹೀಟರ್ ತಗೊಳ್ಳಿ ಎಂದ. ಅದು ಬೇಗ ಕಾಯಿಸುತ್ತದೆ ನಿಜ, ಆದರೆ ಹತ್ತು ಡಿಗ್ರಿಗೆ 15, 16 ಗ್ಯಾಲನ್ ಗ್ಯಾಸ್ ಕುಡಿಯುತ್ತದೆ. ಪಕ್ಕದ ಮನೆಯವನದೂ ಅದೇ. ಅವನು ಶನಿವಾರ ಪಾರ್ಟಿ ಇದ್ದಾಗ ಮಾತ್ರ ಹಚ್ಚುತ್ತಾನೆ, ಅವನಿಗೆ ಅದು ಸರಿ. ಹೀಟ್ ಪಂಪ್ ನಿಧಾನ, ಹೊರಗಿನ ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ಹಾಕುತ್ತದೆ, ಒಂಥರಾ ತಿರುಗಾಮುರುಗಾ ಮಾಡಿದ ಎಸಿ. ಗಾಳಿ ತಣ್ಣಗಾದಷ್ಟೂ ಅದರ ಕೈ ಸೋಲುತ್ತದೆ. ಆದರೆ ಬೇಸಿಗೆಯಲ್ಲಿ ದಿನಾ ಈಜುವ ಮನೆಗೆ ಅದೇ ಅಗ್ಗ. ಒಂದು ಪಾಲು ಕರೆಂಟಿಗೆ ನಾಲ್ಕೈದು ಪಾಲು ಬಿಸಿ ಕೊಡುತ್ತದೆ. ಆದರೆ 240 ವೋಲ್ಟಿನ ಬೇರೆ ಲೈನ್ ಎಳೆಸಬೇಕು.

ಇದೆಲ್ಲ ಪೂಲಿನ ಪಕ್ಕ ನಿಂತು ಜೋರಾಗಿ ಚರ್ಚೆ ಆಗುತ್ತಿದ್ದಾಗಲೇ ಅತ್ತೆ ಆ ಮಾತು ಕೇಳಿದ್ದು. ನಕ್ಕೆವಲ್ಲ, ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸೌದೆ ಒಟ್ಟೋದು ಆಮೇಲೆ. ಹಂಡೆ ಮುಚ್ಚದೆ ನೀರು ಕಾಯಿಸ್ತಾರೇನೋ?" ಅಂದು ಒಳಗೆ ಹೋದರು.

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಲೆಕ್ಕ ಹಾಕಿದೆ. ದಿನಕ್ಕೆ ಕಾಲು ಇಂಚು ನೀರು ಆವಿಯಾದರೆ ಸುಮಾರು 270 ಲೀಟರ್ ಹೋಯಿತು. ಅದು ಬರಿಗೈಲಿ ಹೋಗುವುದಿಲ್ಲ, ಇಡೀ ಪೂಲಿನಿಂದ ಐದು ಡಿಗ್ರಿ ಬಿಸಿ ಹೊತ್ತುಕೊಂಡು ಹೋಗುತ್ತದೆ! ಆ ಪಂಪ್ ಹನ್ನೆರಡು ಗಂಟೆ ದುಡಿದದ್ದು ಗಾಳಿಗೆ. ಇವರ ಎಕ್ಸೆಲ್‌ನಲ್ಲಿ ಇದಕ್ಕೆ ಕಾಲಂ ಇರಲೇ ಇಲ್ಲ. ಅಂಗಡಿಯವನೂ ಎತ್ತಲಿಲ್ಲ, ಅವನ್ಯಾಕೆ ಎತ್ತುತ್ತಾನೆ ಬಿಡಿ.

ಭಾನುವಾರ ಗುಳ್ಳೆ ಗುಳ್ಳೆಯ ನೀಲಿ ಪ್ಲಾಸ್ಟಿಕ್ ಹೊದಿಕೆ ತಂದು, ದುಂಡಗೆ ಕತ್ತರಿಸಿ ಹಾಸಿದೆವು. ಬಿಸಿಲೂ ಚೆನ್ನಾಗಿತ್ತು. ಬುಧವಾರ ನೋಡಿದರೆ 75. ಇನ್ನೂ ಹೀಟರ್ ಬಂದಿಲ್ಲ!

ಹೊದಿಕೆ ಹಾಸುವಾಗ ಅತ್ತೆ ಅವರ ತೀರ್ಥಹಳ್ಳಿ ಮನೆಯ ಬಚ್ಚಲು ನೆನೆಸಿಕೊಂಡರು. ಬೆಳಗಿನ ಜಾವ ಎದ್ದು ಒಲೆ ಹಚ್ಚುತ್ತಿದ್ದದ್ದು ಅವರು. ಮೊದಲು ಮಾವನವರ ಸ್ನಾನ, ಆಮೇಲೆ ಮೈದುನರು, ಮಕ್ಕಳು, ನೆಂಟರು. ಪ್ರತಿಯೊಬ್ಬರೂ ಮುಚ್ಚಳ ತೆಗೆದು ಚೊಂಬಿನಲ್ಲಿ ಮೊಗೆದು ಹಾಗೇ ಬಿಟ್ಟು ಹೋಗುತ್ತಿದ್ದರಂತೆ. "ನನ್ನ ಸರದಿ ಬರೋ ಹೊತ್ತಿಗೆ ಉಗುರು ಬೆಚ್ಚಗೂ ಇರ್ತಿರ್ಲಿಲ್ಲ ಕಣೇ. ಅದಕ್ಕೇ ಮುಚ್ಚಿ ಮುಚ್ಚಿ ಬರೋದು, ದಿನಕ್ಕೆ ಹತ್ತು ಸಲ." ನಗುತ್ತಲೇ ಹೇಳಿದರು. ಇವರು ಹೊದಿಕೆಯ ಅಂಚು ಸರಿ ಮಾಡುತ್ತಾ ಇದ್ದರು, ತಲೆ ಎತ್ತಲಿಲ್ಲ. ಮುಚ್ಚಳ ತೆಗೆದಿಟ್ಟು ಓಡುತ್ತಿದ್ದವರಲ್ಲಿ ಇವರೂ ಒಬ್ಬರು ತಾನೇ.

ನಾನು ಅತ್ತೆಯನ್ನು ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಜಾಸ್ತಿ ಮಾತಾಡುತ್ತಾರೆ, ನನ್ನ ಸಾರಿಗೆ ಹುಳಿ ಕಮ್ಮಿ ಅಂತಾರೆ, ಎಲ್ಲ ಡಬ್ಬದ ಮುಚ್ಚಳ ಗಟ್ಟಿಯಾಗಿ ಹಾಕು ಅಂತ ಹಿಂದೆ ಹಿಂದೆ ಬರುತ್ತಾರೆ. ಅದು ನನಗೆ ಕಿರಿಕಿರಿಯೇ ಆಗಿತ್ತು. ಅವರು ಎಷ್ಟು ವರ್ಷ ತಣ್ಣೀರು ಮಿಂದಿದ್ದಾರೆ ಅಂತ ಕೇಳಬೇಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಹೀಟ್ ಪಂಪಿಗೆ ಆರ್ಡರ್ ಹಾಕಿದ್ದಾಯಿತು, ಲೈನ್ ಎಳೆಯುವವನು ಶನಿವಾರ ಬರುತ್ತಾನೆ. ಈಗ ಹೊರಗೆ ಬೇರೆಯೇ ರಗಳೆ. ಮಗಳು ಈಜುಡುಗೆ ಹಾಕಿಕೊಂಡು ಏಣಿಯ ಹತ್ತಿರ ನಿಂತಿದ್ದಾಳೆ. ಅಜ್ಜಿ ಹೊದಿಕೆ ತೆಗೆಯೋಕೆ ಬಿಡುತ್ತಿಲ್ಲ, ಬಿಸಿ ಹೋಗುತ್ತದಂತೆ.