ಒಂದೇ ಮರಕ್ಕೆ ರಸಪುರಿ, ಬಾದಾಮಿ, ಆಮ್ರಪಾಲಿ: ಕಸಿ ಎಲ್ಲಿಗೆ ಬಂತು?

ಶಿವಮೊಗ್ಗದ ನಮ್ಮ ಹಿತ್ತಲಲ್ಲಿ ಮಾವಿಗೆ ಅಂತ ಇರುವುದು ಒಂದೇ ಮರದ ಜಾಗ. ಅಲ್ಲಿ ತಾನಾಗಿ ಹುಟ್ಟಿದ ನಾಟಿ ಮರವಿದೆ. ಹಣ್ಣು ಹುಳಿ, ಬರೀ ನಾರು. ಕಡಿದುಬಿಡಿ ಅಂದವರೇ ಜಾಸ್ತಿ. ಬೇರು ಇಷ್ಟು ಗಟ್ಟಿ ಇರುವಾಗ ಯಾಕೆ ಕಡಿಯಬೇಕು? ಅದರ ಮೇಲೆಯೇ ಮೂರು ಒಳ್ಳೆ ತಳಿ ಕಸಿ ಕಟ್ಟಲು ಹೊರಟೆ.

ಜನವರಿ: ಕೊಂಬೆಗಳನ್ನು ಎದೆಮಟ್ಟಕ್ಕೆ ಕತ್ತರಿಸಿ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ, ಶಿಲೀಂಧ್ರ ತಡೆಯಲು) ಹಚ್ಚಿದೆವು. ಮರಕ್ಕೆ ಊಟ ಒದಗಿಸಲು ಒಂದು ಕೊಂಬೆ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಚಿಗುರು ಗುಂಪುಗುಂಪಾಗಿ ಬಂತು. ಕೊಂಬೆಗೆ ಎರಡು ಮೂರು ಉಳಿಸಿ ಮಿಕ್ಕಿದ್ದು ಚಿವುಟಿದೆ.

ಜೂನ್: ಮಳೆ ಹಿಡಿದ ಮೇಲೆ ಕಸಿ. ಕಡ್ಡಿ, ಅಂದರೆ ಬೇಕಾದ ತಳಿಯ ಮರದಿಂದ (ಅದೇ ತಾಯಿಮರ) ತರುವ ರೆಂಬೆಯ ತುದಿ, ಆರಿಸುವುದರಲ್ಲೇ ಅರ್ಧ ಕೆಲಸ. ತಾಯಿಮರದ ಮೇಲೆ ಇರುವಾಗಲೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಬೇಕು. ವಾರ, ಹತ್ತು ದಿನಕ್ಕೆ ಬೆರಳು ತಾಗಿದರೆ ತೊಟ್ಟು ಉದುರುತ್ತದೆ, ತುದಿಮೊಗ್ಗು ಉಬ್ಬಿರುತ್ತದೆ. ಆಗ ಕಡ್ಡಿ ತಯಾರು. ಬುಡವನ್ನು ಎರಡೂ ಕಡೆ ಬೆಣೆಯ ಹಾಗೆ ಕೆತ್ತಿ, ಚಿಗುರನ್ನು ಸೀಳಿ, ಒಂದು ಕಡೆಯಾದರೂ ತೊಗಟೆಗೆ ತೊಗಟೆ ಸೇರುವಂತೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿದೆ. ಮೇಲೆ ಐಸ್‌ಕ್ಯಾಂಡಿ ಕವರ್ ಟೋಪಿ. ಒಳಗೆ ಹಬೆ ಕಟ್ಟಿಕೊಂಡಿತ್ತು. ತಾಮ್ರದ ಬಣ್ಣದ ಎಳೆ ಎಲೆ ಕಂಡ ಮೇಲೆ ಟೋಪಿ ತೆಗೆದೆ.

ಈಗ: ಮೂರೂ ತಳಿ ಹತ್ತಿವೆ. ಆದರೆ ಕಸಿ ಹತ್ತುವುದು ಸುಲಭದ ಭಾಗ. ಕಷ್ಟ ಇರುವುದು ಯಾರಿಗೆ ಯಾವ ಜಾಗ ಅನ್ನುವುದರಲ್ಲಿ. ಬಾದಾಮಿ ಜೋರಾಗಿ ಹಬ್ಬುವ ಜಾತಿ. ಆಮ್ರಪಾಲಿ ಗಿಡ್ಡ. ಅದು ದಶೇರಿ ಮತ್ತು ನೀಲಂ ಸೇರಿಸಿ ಮಾಡಿದ ತಳಿ, ಸಣ್ಣ ಜಾಗಕ್ಕೆ ಅಂತಲೇ ಜನ ನೆಡುತ್ತಾರೆ. ಎರಡನ್ನೂ ಅಕ್ಕಪಕ್ಕ ಬಿಟ್ಟರೆ ಬಾದಾಮಿ ಬಿಸಿಲನ್ನೆಲ್ಲ ನುಂಗಿಬಿಡುತ್ತದೆ, ಅಲ್ವಾ? ಹಾಗಾಗಿ ಬಿಸಿಲು ಬೀಳುವ ದಕ್ಷಿಣದ ಎತ್ತರದ ಕೊಂಬೆ ಆಮ್ರಪಾಲಿಗೆ, ಗೋಡೆ ಪಕ್ಕದ ತಗ್ಗಿನ ಕೊಂಬೆ ಬಾದಾಮಿಗೆ. ಆದರೂ ಬಾದಾಮಿಯದ್ದು ಆಗಲೇ ಮೊಳಕೈ ಉದ್ದ ಬಂದಿದೆ. ತುದಿ ಚಿವುಟಿದೆ. ರಸಪುರಿ ತಂಟೆ ಇಲ್ಲದೆ ಬೆಳೆಯುತ್ತಿದೆ.

ಕಸಿಯ ಕೆಳಗೆ ನಾಟಿ ಚಿಗುರು ಮಾತ್ರ ಬಿಡದೆ ಬರುತ್ತದೆ. ಭಾನುವಾರ ಕಾಫಿ ಲೋಟ ಹಿಡಿದು ಒಂದು ಸುತ್ತು ಹಾಕಿ ಕಿತ್ತುಹಾಕುತ್ತೇನೆ. ಗುರುತಿಗೆ ಬಣ್ಣದ ವೈರು ಕಟ್ಟಿದ್ದೇನೆ: ಹಳದಿ ಬಾದಾಮಿ, ಕೆಂಪು ರಸಪುರಿ, ಹಸಿರು ಆಮ್ರಪಾಲಿ.

ಮುಂದಿನ ವರ್ಷ ಹೂ ಬಂದರೂ ಕಾಯಿ ಬಿಡುವುದಿಲ್ಲ, ಕೊಂಬೆ ಬಲಿಯಲಿ. ಮುಟ್ಟದೆ ಬಿಟ್ಟ ಆ ನಾಟಿ ಕೊಂಬೆಗೆ ಸಾಗರದ ಅತ್ತೆ ಅಪ್ಪೆಮಿಡಿ ಕಡ್ಡಿ ಕೊಡುತ್ತೇನೆ ಅಂದಿದ್ದಾರೆ. ಜನವರಿಯಲ್ಲಿ ಅದನ್ನೂ ಕತ್ತರಿಸಬೇಕು.