ಕೆಫಲೋನಿಯಾದಲ್ಲಿ ನಮ್ಮ ರಜೆಯ ದಿನಗಳು

ಕಡಲಾಮೆಗಳ ಗೂಡುಗಳನ್ನು ಕಾಯಲೆಂದು ಗ್ರೀಸ್‌ನ ಕೆಫಲೋನಿಯಾ ದ್ವೀಪಕ್ಕೆ ಬಂದಿದ್ದ ನಮ್ಮ ಸ್ವಯಂಸೇವಕರ ತಂಡಕ್ಕೆ ವಾರಕ್ಕೆ ಒಂದೇ ದಿನ ರಜೆಯಿತ್ತು. ಮೊದಲ ರಜೆಯಲ್ಲಿ ಅರ್ಗೋಸ್ತೋಲಿ ಪಟ್ಟಣದ ಹೊರವಲಯದ ಕಟವೋತ್ರೆಸ್‌ಗೆ ನಡೆದುಹೋದೆವು. ನೋಡಲು ಅಲ್ಲಿ ಹೆಚ್ಚೇನಿಲ್ಲ. ಸುಣ್ಣಕಲ್ಲಿನ ಬಿರುಕುಗಳೊಳಗೆ ಸಮುದ್ರದ ನೀರು ಗುಳುಗುಳು ಸದ್ದು ಮಾಡುತ್ತ ಇಳಿದು ಮಾಯವಾಗುತ್ತದೆ, ಅಷ್ಟೆ. ಆದರೆ 1963ರಲ್ಲಿ ಭೂವಿಜ್ಞಾನಿಗಳು ಆ ನೀರಿಗೆ ಬಣ್ಣ ಬೆರೆಸಿ ಕಾದಾಗ, ಅದು ಬೆಟ್ಟಗಳ ಅಡಿಯಲ್ಲೇ ದ್ವೀಪವನ್ನು ದಾಟಿ, ಸುಮಾರು ಎರಡು ವಾರಗಳ ನಂತರ ಪೂರ್ವ ತೀರದ ಸಾಮಿಯ ಬಳಿ, ಮೆಲಿಸ್ಸಾನಿ ಗುಹೆಯ ಸರೋವರದಲ್ಲಿ ಕಾಣಿಸಿಕೊಂಡಿತು.

ಮುಂದಿನ ವಾರ ಆ ಗುಹೆಗೇ ಹೋದೆವು. ಚಾವಣಿ ಕುಸಿದು ಉಂಟಾದ ಕಿಂಡಿಯಿಂದ ನಡುಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ, ನಮ್ಮ ದೋಣಿಯ ನೆರಳು ನೀರಿನ ತಳದ ಕಲ್ಲುಗಳ ಮೇಲೆ ಸ್ಪಷ್ಟವಾಗಿ ಜಾರುತ್ತಿತ್ತು. ದೋಣಿಯಾನ ಬೇಗ ಮುಗಿಯುತ್ತದೆ ಎಂಬುದೊಂದೇ ನನ್ನ ತಕರಾರು.

1953ರ ಭೂಕಂಪದಲ್ಲಿ ದ್ವೀಪದ ಬಹುಪಾಲು ಕಟ್ಟಡಗಳು ನೆಲಸಮವಾದರೂ, ಉತ್ತರ ತುದಿಯ ಫಿಸ್ಕಾರ್ಡೊದ ಹಳೆಯ ಮನೆಗಳು ಉಳಿದುಕೊಂಡವು. ಅವುಗಳನ್ನು ನೋಡಲು ಹೊರಟ ದಿನವೇ ಬಸ್ಸು ತಪ್ಪಿತು. ಅರ್ಗೋಸ್ತೋಲಿ ಬಂದರಿನ ಕಟ್ಟೆಯ ಮೇಲೆ ಕುಳಿತು, ಮೀನಿನ ಚೂರುಗಳಿಗಾಗಿ ದೋಣಿಗಳ ಸುತ್ತ ಸುಳಿಯುವ ಆಮೆಗಳನ್ನು ನೋಡುತ್ತ ಕಾಲ ಕಳೆದೆವು. ರಜೆಯೆಂಬುದನ್ನೂ ಮರೆತು ನಮ್ಮಲ್ಲೊಬ್ಬರು ಅವುಗಳನ್ನು ಎಣಿಸತೊಡಗಿದ್ದರು.