ಸಮುದಾಯ ಸಂಶೋಧನೆ ಮಾಡೋರು ಏನು ಓದಿರ್ತಾರೆ?

"ನಿಮ್ಮ ಸೆಂಟರ್‌ನಲ್ಲಿ ಕೆಲಸ ಮಾಡೋರೆಲ್ಲ ಏನು ಓದಿರ್ತಾರೆ ಮೇಡಂ?"

ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಸಮುದಾಯ ಸಂಶೋಧನಾ ಕೇಂದ್ರದಲ್ಲಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಆಗಷ್ಟೇ ಡಿಗ್ರಿ ಮುಗಿಸಿದವರು ಕೇಳುತ್ತಾರೆ, ಅವರ ಅಪ್ಪ-ಅಮ್ಮಂದಿರು ಕೇಳುತ್ತಾರೆ, ಸಮೀಕ್ಷೆಗೆ ಹೋದ ಮನೆಯವರೂ ಕೇಳುತ್ತಾರೆ. ಎಂಎಸ್‌ಡಬ್ಲ್ಯೂ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರ, ಸಾರ್ವಜನಿಕ ಆರೋಗ್ಯ ಎಂದು ಪದವಿಗಳ ಹೆಸರು ಹೇಳಿದರೆ ಕೇಳಿದವರಿಗೆ ಸಮಾಧಾನ. ನನಗೆ ಮಾತ್ರ ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗುವುದಿಲ್ಲ. ಇಲ್ಲಿಗೆ ಬರುವ ಮುಂಚೆ ಯಾರು ಏನು ಕೆಲಸ ಮಾಡುತ್ತಿದ್ದರು ಎನ್ನುವುದನ್ನೂ ಕೇಳಬೇಕು. ನಮ್ಮ ಅಂಕಿಅಂಶ ನಂಬುವಂತಿದ್ದರೆ ಅದಕ್ಕೆ ಅರ್ಧ ಕಾರಣ ಅದೇ.

ಕ್ಷೇತ್ರಕಾರ್ಯದಲ್ಲಿ ನಮ್ಮ ಜೊತೆಗಿರುವ ಒಬ್ಬ ಅಕ್ಕ ಮೊದಲು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮನೆಖರ್ಚಿನ ಬಗ್ಗೆ ಪ್ರಶ್ನಾವಳಿ ತಯಾರಾಗುತ್ತಿದ್ದಾಗ "ನಿಮ್ಮ ತಿಂಗಳ ಆದಾಯ ಎಷ್ಟು?" ಎಂಬ ಸಾಲಿನ ಹತ್ತಿರ ಅವರು ನಿಂತುಬಿಟ್ಟರು. ಯಾವ ಆದಾಯ? ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12 ಪಿಎಫ್‌ಗೆ ಹೋಗುತ್ತದೆ, ವೇತನದ ಶೇ 0.75 ಇಎಸ್‌ಐಗೆ. ಆ ತಿಂಗಳು ಮಗುವಿಗೆ ಜ್ವರ ಬಂದು ರಜೆ ಹಾಕಿದ್ದರೆ ಹಾಜರಿ ಬೋನಸ್ಸೂ ಇಲ್ಲ. ಓಟಿ ಒಂದು ತಿಂಗಳು ಇರುತ್ತದೆ, ಮುಂದಿನ ತಿಂಗಳು ಇರುವುದಿಲ್ಲ. ಒಬ್ಬರು ಸಂಬಳದ ಚೀಟಿಯಲ್ಲಿರುವುದನ್ನು ಹೇಳುತ್ತಾರೆ, ಪಕ್ಕದ ಮನೆಯವರು ಕೈಗೆ ಬಂದದ್ದನ್ನು ಹೇಳುತ್ತಾರೆ, ಎರಡೂ ಒಂದೇ ಕಾಲಂಗೆ ಹೋಗಿ ಕೂರುತ್ತವೆ. ಸಂಖ್ಯಾಶಾಸ್ತ್ರ ಓದಿದ ನಮ್ಮ ಸಹೋದ್ಯೋಗಿ ಎಷ್ಟೇ ಜಾಣರಾದರೂ ಕಂಪ್ಯೂಟರ್ ಮುಂದೆ ಕೂತು ಇದನ್ನು ಹಿಡಿಯಲಾರರು. ಒಂದು ಸೊನ್ನೆ ಹೆಚ್ಚು ಬಿದ್ದಿದ್ದರೆ ಅವರ ಕಣ್ಣು ತಪ್ಪುವುದಿಲ್ಲ. ಆದರೆ ಇಲ್ಲಿ ಪ್ರತಿಯೊಂದು ಸಂಖ್ಯೆಯೂ ಸರಿಯಾದದ್ದೇ, ಕೂಡಿಸಿದ್ದಷ್ಟೇ ತಪ್ಪು. ಅಕ್ಕನ ಮಾತಿನಂತೆ ಆ ಒಂದು ಪ್ರಶ್ನೆ ಮೂರಾಯಿತು.

ಇಂಥವರು ಇನ್ನೂ ಇದ್ದಾರೆ. ಎಎನ್‌ಎಂ, ಅಂದರೆ ಮನೆಮನೆಗೆ ಹೋಗುವ ಸರ್ಕಾರಿ ಆರೋಗ್ಯ ಸಹಾಯಕಿ ಆಗಿದ್ದವರು, ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದವರು, ನಿವೃತ್ತ ಕನ್ನಡ ಮೇಷ್ಟ್ರು, ಸಾಫ್ಟ್‌ವೇರ್ ಬಿಟ್ಟು ಬಂದ ಹುಡುಗ. ಎಎನ್‌ಎಂ ಆಗಿದ್ದವರಿಗೆ ಯಾವ ಮನೆಯ ಬಾಗಿಲು ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಗೊತ್ತು. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಸಿಗುವುದು ಅಜ್ಜಿ-ತಾತಂದಿರು. ದುಡಿಯುವವರು ಒಬ್ಬರೂ ಸಿಗದೆ ಸ್ಯಾಂಪಲ್ಲೇ ಒಂದು ಕಡೆಗೆ ವಾಲುತ್ತದೆ. ಭಾಷೆಯ ವಿಷಯವೂ ಹಾಗೇ. ಪಾದರಾಯನಪುರದಲ್ಲಿ ದಖನಿ ಉರ್ದು ಬೇಕು, ಕಟ್ಟಡದ ಸೈಟಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರ ಕನ್ನಡ ಕಿವಿಗೆ ಹತ್ತಬೇಕು. ಇದನ್ನು ಕಲಿಸುವ ಎಂಎ ನನಗಂತೂ ಗೊತ್ತಿಲ್ಲ.

ಪದವಿ ಬೇಡ ಎಂದು ನಾನು ಹೇಳುತ್ತಿಲ್ಲ. ಸ್ಯಾಂಪಲ್ ಹೇಗೆ ತೆಗೆಯಬೇಕು, ಒಪ್ಪಿಗೆ ಹೇಗೆ ಪಡೆಯಬೇಕು, ಯಾವ ಫಲಿತಾಂಶಕ್ಕೆ ಎಷ್ಟು ಬೆಲೆ ಕೊಡಬೇಕು ಎನ್ನುವುದನ್ನು ಓದಿಯೇ ಕಲಿಯಬೇಕು. ಆದರೆ ಓದಿದ್ದು ಒಂದು, ಮಾಡಬೇಕಾಗಿ ಬಂದದ್ದು ಇನ್ನೊಂದು ಆಗುವುದಕ್ಕೆ ಈ ಊರಿನಲ್ಲೇ ದೊಡ್ಡ ಉದಾಹರಣೆ ಇದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒಯ್ಯುವ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದ ಅಮೂಲ್ಯ ರೆಡ್ಡಿ ಅವರು ಎಲೆಕ್ಟ್ರೋಕೆಮಿಸ್ಟ್ರಿಯ ವಿದ್ವಾಂಸರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅವರ ತಂಡ ಮೊದಲು ಯೋಚಿಸಿದ್ದು ಅಡುಗೆಗೆ ಗೋಬರ್ ಗ್ಯಾಸ್ ಕೊಡುವುದನ್ನು. ಊರಿನ ಸಗಣಿ ಅಷ್ಟಕ್ಕೆ ಸಾಲುವಂತಿರಲಿಲ್ಲ, ಜನರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಕೊನೆಗೆ 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೋರ್‌ವೆಲ್ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ತೂಕದ ಲೆಕ್ಕದಲ್ಲಿ ದುಡ್ಡು ಸಿಗುತ್ತಿತ್ತು. ಯಂತ್ರ ತಂಡದ್ದು, ಅದು ಯಾವ ಕೆಲಸಕ್ಕೆ ಎನ್ನುವ ತಿಳಿವಳಿಕೆ ಊರಿನದ್ದು.

ಆ ತಿಳಿವಳಿಕೆ ಇರುವವರು ಮೊದಲ ದಿನದಿಂದಲೇ ತಂಡದಲ್ಲಿರಬೇಕು ಎನ್ನುವುದು ನನ್ನ ವಾದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ನೈತಿಕತಾ ಸಮಿತಿಯಲ್ಲಿ ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ ಮಾತ್ರವಲ್ಲ, ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಅಧ್ಯಯನಕ್ಕೆ ಅನುಮತಿ ಕೊಡುವ ಮೇಜಿನ ಸುತ್ತ ಇಷ್ಟೊಂದು ಬಗೆಯ ಜನ ಬೇಕು ಎಂದು ಒಪ್ಪಿದ್ದೇವೆ. ಅಧ್ಯಯನ ಮಾಡುವವರನ್ನು ಆರಿಸುವಾಗ ಮಾತ್ರ ಅಂಕಪಟ್ಟಿ ಒಂದನ್ನೇ ಹಿಡಿದು ಕೂರುತ್ತೇವೆ.

ಇದರಿಂದ ನನಗೆ ನಿಜಕ್ಕೂ ನೋವಾಗುತ್ತದೆ. ಹತ್ತು ವರ್ಷ ಅಂಗನವಾಡಿ ನಡೆಸಿ ಇಡೀ ಬಡಾವಣೆಯನ್ನು ಬಲ್ಲವರು ಪದವಿ ಇಲ್ಲವೆಂದು ಅರ್ಜಿಯ ಹಂತದಲ್ಲೇ ಹೊರಗುಳಿಯುತ್ತಾರೆ. ಒಳಗೆ ಬಂದವರೂ ಪ್ರಾಜೆಕ್ಟ್ ಸಿಬ್ಬಂದಿ, ಅನುದಾನ ಮುಗಿದ ತಿಂಗಳೇ ಸಂಬಳವೂ ಮುಗಿಯುತ್ತದೆ. ಪ್ರಕಟವಾದ ಲೇಖನದಲ್ಲಿ ಇವರಿಗೆ ಸಿಗುವುದು ಕೊನೆಯ ಪುಟದ ಕೃತಜ್ಞತೆಯ ಸಾಲು. ಪ್ರಶ್ನೆಯನ್ನೇ ತಿದ್ದಿದವರ ಹೆಸರು ಲೇಖಕರ ಜೊತೆ ಇರಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಕೇಳುತ್ತೇನೆ, ಮುಂದೆಯೂ ಕೇಳುತ್ತೇನೆ.

ಅರ್ಜಿ ಹಾಕುವವರಿಗೆ ಒಂದು ಮಾತು. ಅಂಗಡಿಯಲ್ಲಿ ಕೂತಿದ್ದಿರಾ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದಿದ್ದಿರಾ, ಆಟೋ ಓಡಿಸಿ ಓದಿದಿರಾ, ಅದನ್ನು ಬಯೋಡೇಟಾದ ಮೊದಲ ಪುಟದಲ್ಲೇ ಬರೆಯಿರಿ. ಯಾವ ಏರಿಯಾ, ಎಷ್ಟು ವರ್ಷ, ಅಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ ಎನ್ನುವುದನ್ನೂ ಸೇರಿಸಿ. ಸಂದರ್ಶನದಲ್ಲಿ ನಾನು ಕೇಳುವುದು ಅಲ್ಲಿಂದಲೇ.